ಗೊಂಬೆಯ ಎಲಾಸ್ಟಿಕ್ ಬದಲಿಸಲು ಯಾವ ಸಲಕರಣೆ ಬೇಕು, ಯಾವುದು ಬೇಡ

ಪ್ರಶ್ನೆ: ಮಗಳ ಹತ್ತಿರ 60 ಸೆಂ.ಮೀ. ಎತ್ತರದ ರೆಸಿನ್ (ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತು) ಬಾಲ್ ಜಾಯಿಂಟೆಡ್ ಗೊಂಬೆ, ಅಂದರೆ ಗೋಳದ ಕೀಲುಗಳನ್ನು ಒಳಗಿನ ಎಲಾಸ್ಟಿಕ್ ಹಿಡಿದಿಡುವ ಗೊಂಬೆ ಇದೆ. ಈಗ ನಿಲ್ಲಿಸಿದರೆ ಮೊಣಕಾಲು ಕುಸಿಯುತ್ತದೆ, ತಲೆ ಒಂದು ಕಡೆ ವಾಲುತ್ತದೆ. ಒಳಗಿನ ಎಲಾಸ್ಟಿಕ್ ಸಡಿಲಾಗಿದೆ ಎಂದು ಗೊತ್ತಾಯಿತು. ಕ್ರೋಶಾ ಕಡ್ಡಿಯಿಂದ ಎಳೆಯಲು ಹೋದರೆ ಜಾರಿ ಒಳಗೆ ಹೋಯಿತು. ಆನ್‌ಲೈನಿನಲ್ಲಿ ಹತ್ತಿಪ್ಪತ್ತು ಸಾಮಾನಿನ ಕಿಟ್‌ಗಳು ಕಾಣುತ್ತವೆ. ನಿಜವಾಗಿ ಯಾವುದು ಬೇಕು? ಟೇಲರಿಂಗ್ ಸಾಮಾನಿನ ಅಂಗಡಿಯ ಎಲಾಸ್ಟಿಕ್ ನಡೆಯುತ್ತದೆಯೇ? ನನ್ನ ಬೆರಳುಗಳಲ್ಲಿ ಹಿಡಿತ ಕಡಿಮೆ, ಒಬ್ಬಳೇ ಮಾಡಬಹುದೇ?
— ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಕಿಟ್ ಬೇಡ. ನಿಮಗೆ ಬೇಕಾದದ್ದು ನಾಲ್ಕೇ ಸಾಮಾನು: ಬೀಗ ಬೀಳುವ 8 ಇಂಚಿನ ಆರ್ಟರಿ ಫೋರ್ಸೆಪ್ಸ್ (ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ಕತ್ತರಿಯಂಥ ಚಿಮಟ), ಸೈಕಲ್ ಕಡ್ಡಿಯಿಂದ ಮಾಡಿಸಿದ ಒಂದು ಉದ್ದ ಕೊಕ್ಕೆ, ಎರಡು ಮೀಟರ್ ಸ್ಯಾಟಿನ್ ರಿಬ್ಬನ್, ಮತ್ತು 6 ಮಿ.ಮೀ. ದಪ್ಪದ ಒಂದು ನಿಟ್ಟಿಂಗ್ ಸೂಜಿ. ಉಳಿಸಿದ ದುಡ್ಡನ್ನು ಎಲಾಸ್ಟಿಕ್ ಮತ್ತು ಒಳಗಿನ ಎಸ್ ಕೊಕ್ಕೆಗಳಿಗೆ (ಎಲಾಸ್ಟಿಕ್ ಸಿಕ್ಕಿಸುವ, ಇಂಗ್ಲಿಷ್ S ಆಕಾರದ ತಂತಿ ಕೊಕ್ಕೆಗಳಿಗೆ) ಹಾಕಿ.

ಈ ಕೆಲಸದಲ್ಲಿ ಎಳೆಯುವುದು ಅಂಥ ಕಷ್ಟವಲ್ಲ. ಎಳೆದದ್ದನ್ನು ಹತ್ತು ಸೆಕೆಂಡು ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯಿಂದ ಕೊಕ್ಕೆ ಸಿಕ್ಕಿಸುವುದು ಕಷ್ಟ. ಬಹಳ ಜನ ಎಳೆಯುವ ಸಾಧನವನ್ನಷ್ಟೇ ನೋಡಿ ಕೊಳ್ಳುತ್ತಾರೆ, ಹಿಡಿದಿಡುವ ಸಾಧನ ಮರೆಯುತ್ತಾರೆ. ನಿಮ್ಮ ಕ್ರೋಶಾ ಕಡ್ಡಿ ಕೈಕೊಟ್ಟದ್ದೂ ಅದಕ್ಕೇ.

ಒಳಗಿನ ಕಟ್ಟು ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಸಲಕರಣೆಯ ಆಯ್ಕೆ ಅದರ ಮೇಲೇ ನಿಂತಿದೆ. ಈ ಅಳತೆಯ ಹೆಚ್ಚಿನ ಗೊಂಬೆಗಳಲ್ಲಿ ಎಲಾಸ್ಟಿಕ್‌ನ ಎರಡು ಬಳೆಗಳಿರುತ್ತವೆ, ಅಂದರೆ ತುದಿಗಳನ್ನು ಸೇರಿಸಿ ಗಂಟು ಹಾಕಿದ ಸುತ್ತುಗಳು. ಉದ್ದನೆಯ ಬಳೆಯನ್ನು ನಡುವೆ ಮಡಚಿ ಆ ಮಡಿಕೆಯನ್ನು ತಲೆಯೊಳಗಿನ ಎಸ್ ಕೊಕ್ಕೆಗೆ ಹಾಕಿರುತ್ತಾರೆ. ಬಳೆಯ ಎರಡು ತುದಿ ಮುಂಡದೊಳಗಿಂದ ಇಳಿದು, ಒಂದೊಂದು ಕಾಲಿಗೆ ಒಂದೊಂದು ಹೋಗಿ, ಪಾದದ ಕೊಕ್ಕೆಗೆ ಸಿಕ್ಕಿರುತ್ತವೆ. ಹೀಗಾಗಿ ಪ್ರತಿ ಕಾಲಿನಲ್ಲಿ ಎರಡು ಎಳೆ, ಕುತ್ತಿಗೆಯಲ್ಲಿ ನಾಲ್ಕು ಎಳೆ. ಚಿಕ್ಕ ಬಳೆ ಒಂದು ಅಂಗೈಯ ಕೊಕ್ಕೆಯಿಂದ ಹೊರಟು, ತೋಳು, ಎದೆ, ಮತ್ತೊಂದು ತೋಳು ದಾಟಿ ಇನ್ನೊಂದು ಅಂಗೈಯ ಕೊಕ್ಕೆಗೆ ಮುಗಿಯುತ್ತದೆ. ಕೆಲವು ತಯಾರಕರ ಗೊಂಬೆಗಳಲ್ಲಿ ಕಾಲಿಗೆ ಬೇರೆ ಬೇರೆ ಬಳೆ ಇರುವುದೂ ಉಂಟು. ಆದ್ದರಿಂದ ಬಿಚ್ಚುವ ಮುಂಚೆ ತಲೆಯ ಮುಚ್ಚಳ ತೆಗೆದು, ಕುತ್ತಿಗೆಯನ್ನು ತುಸು ಮೇಲೆತ್ತಿ, ಮೊಬೈಲಿನಲ್ಲಿ ನಾಲ್ಕೈದು ಫೋಟೊ ತೆಗೆದಿಡಿ. ಎಡಗಾಲು ಬಲಗಾಲು ಗುರುತಿಗೆ ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಬರೆಯಿರಿ. ಮಾರ್ಕರ್ ನೇರ ರೆಸಿನ್‌ಗೆ ತಾಗಿದರೆ ಶಾಯಿ ಒಳಗೆ ಇಳಿಯುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಈಗ ಫೋರ್ಸೆಪ್ಸ್. ಆಸ್ಪತ್ರೆಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಆರ್ಟರಿ ಫೋರ್ಸೆಪ್ಸ್ ಎಂದೇ ಕೇಳಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಹಾಗಾಗಿ ಇದು ಸಿಗದ ವಸ್ತುವಲ್ಲ. 5 ಇಂಚಿನ ಮಾಸ್ಕಿಟೊ ಫೋರ್ಸೆಪ್ಸ್ ತೋರಿಸಿದರೆ ಬೇಡ ಎನ್ನಿ, 60 ಸೆಂ.ಮೀ. ಗೊಂಬೆಯ ತಲೆಯ ತಳಕ್ಕೆ ಅದರ ಮೂತಿ ಮುಟ್ಟಿದರೂ ಕೈ ತಿರುಗಿಸಲು ಜಾಗ ಉಳಿಯುವುದಿಲ್ಲ. 8 ಇಂಚಿನದು, ನೇರ ಮೂತಿಯದು, ಬೆರಳು ತೂರಿಸುವ ಉಂಗುರಗಳ ಹತ್ತಿರ ಕಚ್ಚು ಬೀಗವಿರುವುದು ಸರಿ. ಅಂಗಡಿಯಲ್ಲೇ ಒಂದು ಕಾಗದ ಹಿಡಿಸಿ ಬೀಗ ಹಾಕಿ, ಕಾಗದವನ್ನು ಎಳೆದು ನೋಡಿ. ಜಾರಿದರೆ ಇನ್ನೊಂದು ಕೇಳಿ. ಅಗ್ಗದ ತುಣುಕುಗಳಲ್ಲಿ ಮೂತಿಯ ಎರಡು ತುದಿ ಒಂದಕ್ಕೊಂದು ಕೂರುವುದೇ ಇಲ್ಲ, ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತದೆ.

ಅದರ ಮೂತಿಯೊಳಗೆ ಅಡ್ಡ ಹಲ್ಲುಗಳಿರುತ್ತವೆ. ಆ ಹಲ್ಲಿನಿಂದ ಎಲಾಸ್ಟಿಕ್‌ನ್ನು ಎಂದೂ ಕಚ್ಚಿಸಬೇಡಿ. ಹೊರಗಿನ ನೂಲಿನ ಹೆಣಿಗೆ ಅಲ್ಲಿ ತುಂಡಾಗುತ್ತದೆ, ಆಗ ಏನೂ ಕಾಣದು, ಕೆಲವು ತಿಂಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಹರಿಯುತ್ತದೆ. ಫೋರ್ಸೆಪ್ಸ್ ಹಿಡಿಯಬೇಕಾದದ್ದು ಎಸ್ ಕೊಕ್ಕೆಯನ್ನು, ಇಲ್ಲವೇ ರಿಬ್ಬನ್ನನ್ನು. ಮೂತಿಯ ಹೊರಮೈಗೆ ಎಲೆಕ್ಟ್ರಿಕಲ್ ಅಂಗಡಿಯ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಅಂಟುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿ. ಟ್ಯೂಬ್ ಸಿಗದಿದ್ದರೆ ಎರಡು ಸುತ್ತು ಬಟ್ಟೆಯ ಟೇಪ್ ಸಾಕು. ಬರಿ ಉಕ್ಕು ರೆಸಿನ್‌ನ ಅಂಚಿಗೆ ತಾಗಿದರೆ ಚಕ್ಕೆ ಏಳುತ್ತದೆ, ಅದರಲ್ಲೂ ಕುತ್ತಿಗೆಯ ತೂತಿನ ಅಂಚು ತೀರ ತೆಳು. ಮುಚ್ಚಳ ಅಯಸ್ಕಾಂತದಿಂದ ಕೂರುವ ತಲೆಯಾಗಿದ್ದರೆ ಫೋರ್ಸೆಪ್ಸ್ ಒಳಗೆ ಹೋಗುತ್ತಲೇ ಪಕ್ಕಕ್ಕೆ ಸೆಳೆದಂತಾಗುತ್ತದೆ. ಗಾಬರಿಯಾಗಿ ಕೈ ಬಿಡಬೇಡಿ.

ಎರಡನೆಯದು ಉದ್ದ ಕೊಕ್ಕೆ. ಕ್ರೋಶಾ ಕಡ್ಡಿಯ ತುದಿಯ ಕಚ್ಚು ನೂಲಿಗಾಗಿ ಮಾಡಿದ್ದು. 2 ಮಿ.ಮೀ. ಎಲಾಸ್ಟಿಕ್ ಅದರಲ್ಲಿ ಕೂರುತ್ತದೆ, 4 ಮಿ.ಮೀ.ಯದ್ದು ಅರ್ಧ ಹೊರಗೇ ಉಳಿದು ಬಿಗಿ ಬಿದ್ದ ಕೂಡಲೇ ಜಾರುತ್ತದೆ. ಮೇಲಾಗಿ ಅದರ ಉದ್ದ ಸುಮಾರು 15 ಸೆಂ.ಮೀ., ತೊಡೆಯಿಂದ ಮೊಣಕಾಲು ದಾಟಲು ಸಾಲದು. ಪ್ಲಾಸ್ಟಿಕ್ಕಿನದಾದರೆ ಬಾಗುತ್ತದೆ. ಅಲ್ಯುಮಿನಿಯಂದಾದರೆ ಬಿಳಿ ರೆಸಿನ್ ಮೇಲೆ ಬೂದು ಗೆರೆ ಬಿಡುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರು ಮಗ್ಗದ ಹಣಿಗೆಗೆ ನೂಲು ಸೇರಿಸುವ ಚಪ್ಪಟೆ ಕೊಕ್ಕೆ ನಡೆಯುತ್ತದೆಯೇ ಎಂದು ಕೇಳುವುದುಂಟು. ರಿಬ್ಬನ್ ಎಳೆಯಲು ನಡೆಯುತ್ತದೆ, ಎಲಾಸ್ಟಿಕ್‌ಗೆ ಬೇಡ, ಅದರ ಅಂಚು ಹರಿತ.

ಸೈಕಲ್ ರಿಪೇರಿ ಅಂಗಡಿಯಲ್ಲಿ 2 ಮಿ.ಮೀ. ದಪ್ಪದ ಒಂದು ಉಕ್ಕಿನ ಕಡ್ಡಿ ಕೇಳಿ. ಉದ್ದ 26ರಿಂದ 30 ಸೆಂ.ಮೀ. ಇರುತ್ತದೆ, ಗಟ್ಟಿಯೂ ಹೌದು, ತಕ್ಕಮಟ್ಟಿಗೆ ಬಗ್ಗುತ್ತದೆ ಕೂಡ. ತಿರುಪಿನ ಗೆರೆ (ಥ್ರೆಡ್) ಇರುವ ತುದಿಯನ್ನು ಒಂದು ಸೆಂ.ಮೀ. ಕತ್ತರಿಸಿ ಬಿಸಾಡಿ. ಕತ್ತರಿಸಿದ ಆ ತುದಿಯನ್ನೇ ದುಂಡು ಮೂತಿಯ ಇಕ್ಕಳದಿಂದ ಬಗ್ಗಿಸಿ, ಒಳಗಿನ ಅಗಲ 6ರಿಂದ 7 ಮಿ.ಮೀ. ಬರುವ ಕೊಕ್ಕೆ ಮಾಡಿ. ಕೊಕ್ಕೆಯ ಬಾಯಿ ತೀರ ತೆರೆದಿರಬಾರದು, ತುದಿ ಕಡ್ಡಿಯ ಕಡೆಗೆ ತುಸು ವಾಲಿರಲಿ, ಇಲ್ಲದಿದ್ದರೆ ಹೊರಬರುವಾಗ ಅದೇ ಕೀಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದ ತುದಿಯನ್ನು ಮೊದಲು ಅರದಿಂದ, ಆಮೇಲೆ 400ರ ಎಮರಿ ಕಾಗದದಿಂದ ಉಜ್ಜಿ, ಹತ್ತಿಯ ಉಂಡೆ ಸವರಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು. ಇನ್ನೊಂದು ತುದಿಯನ್ನು ಮಡಚಿ ಮರದ ಹಿಡಿಕೆಗೆ ಸೇರಿಸಿದರೆ ಬೆರಳಿಗೆ ಹಿತ. ಕಟ್ಟಡಕ್ಕೆ ಬಳಸುವ ಬೈಂಡಿಂಗ್ ತಂತಿಯಿಂದ ಮಾಡಿದ ಕೊಕ್ಕೆ ಮೊದಲ ಎಳೆತಕ್ಕೇ ನೆಟ್ಟಗಾಗುತ್ತದೆ.

ರಿಬ್ಬನ್ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಸಾಮಾನು. 6 ಮಿ.ಮೀ. ಅಗಲದ ಸ್ಯಾಟಿನ್ ರಿಬ್ಬನ್ನನ್ನು ಎರಡು ಮಡಿಕೆ ಮಾಡಿ ಎಲಾಸ್ಟಿಕ್ ಬಳೆಯೊಳಗೆ ತೂರಿಸಿ, ತುದಿಗಳನ್ನು ಕೈಕಾಲಿನ ತೂತಿನಲ್ಲಿ ಹಾಯಿಸಿ ಎಳೆದರೆ, ಲಂಗದ ನೇಫಾದಲ್ಲಿ ಲಾಡಿ ಬಂದಂತೆ ಎಲಾಸ್ಟಿಕ್ ಹಿಂದೆ ಬರುತ್ತದೆ. ರಿಬ್ಬನ್ ರೆಸಿನ್‌ನ್ನು ಗೀರುವುದಿಲ್ಲ, ಎಲಾಸ್ಟಿಕ್‌ನ್ನು ಕತ್ತರಿಸುವುದಿಲ್ಲ, ಕೆಲಸ ಮುಗಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಹೊರಬರುತ್ತದೆ. ಹತ್ತಿಯ ಲಾಡಿಯನ್ನೇ ಬಳಸಬೇಡಿ, ಬಿಗಿಯಲ್ಲಿ ಅದು ಎಲಾಸ್ಟಿಕ್‌ಗೆ ಕಚ್ಚಿಕೊಂಡು ಜಾರುವುದೇ ಇಲ್ಲ. ಬಣ್ಣದ ರಿಬ್ಬನ್ ಕೂಡ ಬೇಡ, ಕಡುಗೆಂಪು ಕಪ್ಪು ಬಣ್ಣ ರೆಸಿನ್‌ಗೆ ಹತ್ತುತ್ತದೆ.

ನಿಮ್ಮ ಬೆರಳ ಹಿಡಿತದ ಪ್ರಶ್ನೆಗೂ ಉತ್ತರ ರಿಬ್ಬನ್ನೇ. ಅದನ್ನು ಬೆರಳಿಗೆ ಸುತ್ತಿಕೊಂಡರೆ ಚರ್ಮ ಕೊಯ್ಯುತ್ತದೆ. ಚಿಕ್ಕ ಲಟ್ಟಣಿಗೆಗೆ ನಾಲ್ಕು ಸುತ್ತು ಹಾಕಿ, ಲಟ್ಟಣಿಗೆಯನ್ನು ಇಡೀ ಅಂಗೈಯಿಂದ ಹಿಡಿದು ಎಳೆಯಿರಿ. ಬಲ ಬೆರಳಿನಿಂದಲ್ಲ, ತೋಳಿನಿಂದ ಬರುತ್ತದೆ.

ನಿಟ್ಟಿಂಗ್ ಸೂಜಿ ಅಡ್ಡಗೋಲಿನ ಕೆಲಸಕ್ಕೆ. ಹೊರಬಂದ ಎಲಾಸ್ಟಿಕ್ ಮಡಿಕೆಯೊಳಗೆ ಅದನ್ನು ಅಡ್ಡ ತೂರಿಸಿದರೆ ಬಳೆ ಹಿಂದಕ್ಕೆ ಓಡುವುದಿಲ್ಲ. ಪೆನ್ಸಿಲ್ ಸಾಕು ಎನ್ನುವವರಿದ್ದಾರೆ. 40 ಸೆಂ.ಮೀ. ಗೊಂಬೆಗೆ ಸಾಕು, 60ಕ್ಕೆ ನಾಲ್ಕು ಎಳೆಯ ಬಿಗಿಯಲ್ಲಿ ಪೆನ್ಸಿಲ್ ಸೀಳಿದರೆ ಮುರಿದ ಚೂಪು ತುದಿ ಸಮೇತ ಎಲಾಸ್ಟಿಕ್ ಒಳಗೆ ಹೋಗುತ್ತದೆ. ಸೂಜಿಯ ಕೆಳಗೆ, ಕುತ್ತಿಗೆಯ ಮೇಲೆ ಒಂದು ಮಡಚಿದ ಕರ್ಚೀಫ್ ಇಡಿ.

ಟೇಲರಿಂಗ್ ಅಂಗಡಿಯ ಎಲಾಸ್ಟಿಕ್ ಬಗ್ಗೆ ನನ್ನ ಸಲಹೆ ಬೇಡ ಎಂದೇ. ಮಾಸ್ಕಿಗೆ, ಬಟ್ಟೆಗೆ ಬರುವ ದುಂಡು ಎಲಾಸ್ಟಿಕ್‌ನೊಳಗೆ ರಬ್ಬರ್ ಕಡಿಮೆ, ಹೊರಗಿನ ನೂಲು ಸಡಿಲ. ಗೊಂಬೆಗೆ ಬೇಕಾದದ್ದು ಒತ್ತಾದ ರಬ್ಬರ್ ತಿರುಳಿನ ಮೇಲೆ ಬಿಗಿಯಾಗಿ ಹೆಣೆದದ್ದು. ಎದುರಿಗೆ ಸಿಕ್ಕಿದ್ದು ಒಳ್ಳೆಯದೋ ಅಲ್ಲವೋ ನೋಡಲು ಹೀಗೆ ಮಾಡಿ: 10 ಸೆಂ.ಮೀ. ಗುರುತು ಹಾಕಿ, ಅದನ್ನು 15 ಸೆಂ.ಮೀ.ಗೆ ಎಳೆದು ಒಂದು ಹಲಗೆಗೆ ಎರಡು ಮೊಳೆಯ ನಡುವೆ ಇಡೀ ರಾತ್ರಿ ಕಟ್ಟಿಡಿ. ಬೆಳಿಗ್ಗೆ ಬಿಟ್ಟಾಗ 10ಕ್ಕೆ ಹತ್ತಿರ ಮರಳಬೇಕು. 11 ದಾಟಿ ನಿಂತರೆ ಆ ಎಲಾಸ್ಟಿಕ್ ಗೊಂಬೆಯನ್ನು ನಿಲ್ಲಿಸಲಾರದು. ಬಿಜೆಡಿ (ಬಾಲ್ ಜಾಯಿಂಟೆಡ್ ಡಾಲ್) ಎಲಾಸ್ಟಿಕ್ ಎಂದು ಹೆಸರಿಸಿ ಮಾರುವುದನ್ನೇ ತರಿಸಿ, ಬಿಳಿಯದು ತರಿಸಿ.

ದಪ್ಪದ ವಿಷಯದಲ್ಲಿ 60 ಸೆಂ.ಮೀ. ಗೊಂಬೆಗೆ ಸಾಮಾನ್ಯವಾಗಿ ಕಾಲಿಗೆ 4 ಮಿ.ಮೀ., ಕೈಗೆ 3 ಮಿ.ಮೀ. 40–45 ಸೆಂ.ಮೀ. ಗೊಂಬೆಗೆ 3 ಮಿ.ಮೀ., 26–30 ಸೆಂ.ಮೀ.ಗೆ 2 ಮಿ.ಮೀ. ಆಸುಪಾಸು. ಹಳೆಯದು ಒಳಗಿದ್ದರೆ ಅದರ ಬಿಗಿ ಬೀಳದ ಭಾಗವನ್ನು ಅಳೆದು ಅದನ್ನೇ ನಂಬಿ. ಗೊಂಬೆ ಕುಸಿಯುತ್ತಿದೆ ಎಂದು ಇನ್ನೂ ದಪ್ಪದ್ದು ಹಾಕುವುದು ಬಹಳ ಮಂದಿ ಮಾಡುವ ತಪ್ಪು. ನಾಲ್ಕು ಎಳೆ ಪಕ್ಕಪಕ್ಕ ಕೂರಲು 4 ಮಿ.ಮೀ.ಯದ್ದಕ್ಕೆ 9.7 ಮಿ.ಮೀ. ಅಗಲದ ದುಂಡು ತೂತು ಬೇಕು, 5 ಮಿ.ಮೀ.ಯದ್ದಕ್ಕೆ 12.1. ಎಳೆದಾಗ ತುಸು ತೆಳುವಾಗುವುದು ನಿಜ, ಆದರೂ ಕುತ್ತಿಗೆಯ ತೂತಿನಲ್ಲಿ ತುರುಕಿದ ಎಲಾಸ್ಟಿಕ್ ಅಂಚಿಗೆ ಉಜ್ಜಿ, ತಲೆ ತಿರುಗಿಸಿದಾಗ ತಾನೇ ಹಿಂದಕ್ಕೆ ಬರುತ್ತದೆ. ಕೊಳ್ಳುವ ಮುಂಚೆ ಆ ತೂತನ್ನು ಅಳೆಯಿರಿ.

ಎಷ್ಟು ಉದ್ದ? ಕುತ್ತಿಗೆಯ ತುದಿಯಿಂದ ಹಿಮ್ಮಡಿಯವರೆಗೆ ಸುಮಾರು 50 ಸೆಂ.ಮೀ. ಎಂದುಕೊಳ್ಳಿ. ನಾಲ್ಕು ಎಳೆಗೆ 200 ಸೆಂ.ಮೀ. ದಾರಿ. ಎಲಾಸ್ಟಿಕ್ ಅದರ ಶೇ. 70ರಷ್ಟು ಇದ್ದರೆ ಬಿಗಿ ಸರಿಯಾಗಿ ಬರುತ್ತದೆ, ಅಂದರೆ 140, ಗಂಟಿಗೆ 8ರಿಂದ 10 ಸೇರಿಸಿ 150 ಸೆಂ.ಮೀ. ಕತ್ತರಿಸಿ. ಕೈಯ ಬಳೆಗೆ ಇದೇ ಲೆಕ್ಕದಲ್ಲಿ 75ರಿಂದ 80 ಸೆಂ.ಮೀ. ಒಂದೇ ಏಟಿಗೆ ಸರಿ ಬರುವುದು ಅಪರೂಪ, ಆದ್ದರಿಂದ 4 ಮಿ.ಮೀ.ಯದ್ದು 3 ಮೀಟರ್, 3 ಮಿ.ಮೀ.ಯದ್ದು 2 ಮೀಟರ್ ತರಿಸಿ. ಹಳೆಯ ಎಲಾಸ್ಟಿಕ್ ಪಕ್ಕದಲ್ಲಿಟ್ಟು ಅಷ್ಟೇ ಉದ್ದ ಕತ್ತರಿಸಬೇಡಿ, ಅದು ಹಿಗ್ಗಿ ಹೋಗಿದೆ, ಹೊಸದೂ ಸಡಿಲವೇ ಬರುತ್ತದೆ. ಕತ್ತರಿಸಿದ ತುದಿಗಳನ್ನು ಬೆಂಕಿಯ ಪಕ್ಕ ಒಂದು ಕ್ಷಣ ಹಿಡಿದರೆ ನೂಲಿನ ತುದಿ ಕರಗಿ ಒಂದಾಗುತ್ತದೆ. ಕಪ್ಪಾಗುವಷ್ಟು ಹಿಡಿದರೆ ಒಳಗಿನ ರಬ್ಬರ್ ಸುಟ್ಟಿತು ಎಂದೇ ಅರ್ಥ. ಎರಡು ತುದಿ ಜೋಡಿಸಿ ಹಿಡಿದು ಒಂದೇ ಗಂಟು ಹಾಕಿ, ನಾಲ್ಕೂ ಕಡೆಯಿಂದ ಒಂದೊಂದಾಗಿ ಎಳೆದು ಬಿಗಿ ಮಾಡಿ, ತುದಿ 1 ಸೆಂ.ಮೀ. ಉಳಿಸಿ.

ಎಸ್ ಕೊಕ್ಕೆಗಳು ಹಳೆಯವೇ ಗಟ್ಟಿಯಾಗಿದ್ದರೆ ಬದಲಿಸಬೇಡಿ. ತುಕ್ಕು ಕಂಡರೆ ತಪ್ಪದೆ ಬದಲಿಸಿ, ಕಂದು ಕಲೆ ಅಂಗೈಯ ರೆಸಿನ್‌ಗೆ ಇಳಿದರೆ ಹೋಗುವುದಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ತಂತಿ, 2 ಮಿ.ಮೀ. ದಪ್ಪ. ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ಹಳೆಯ ಕೊಕ್ಕೆಯನ್ನು ಮಾದರಿಗೆ ಕೊಟ್ಟು ಬಗ್ಗಿಸಿಕೊಳ್ಳಬಹುದು. ಉದ್ದ 2–3 ಮಿ.ಮೀ. ಹೆಚ್ಚಾದರೂ ಕೊಕ್ಕೆ ಮಣಿಕಟ್ಟಿನ ಗೋಳಕ್ಕೆ ಒತ್ತಿ ಅಂಗೈ ಪೂರ್ತಿ ಕೂರುವುದಿಲ್ಲ. ಹಿತ್ತಾಳೆ, ತಾಮ್ರದ ಕೊಕ್ಕೆ ನೋಡಲು ಚಂದ, ಆದರೆ ತಾಮ್ರದ ಅಂಶ ನೈಸರ್ಗಿಕ ರಬ್ಬರ್‌ನ್ನು ಬೇಗ ಹಾಳುಮಾಡುತ್ತದೆ. ಬೇಡ.

ಹೊಸ ಎಲಾಸ್ಟಿಕ್ ಹಾಕುವ ಮೊದಲು ಹಳೆಯದನ್ನು ಬಿಚ್ಚಬೇಕು. ಹಾಸಿಗೆಯ ಮೇಲೆ ದಪ್ಪ ಟವೆಲ್ ಹಾಸಿ, ನಿಮ್ಮ ಕೈಗೆ ತೊಟ್ಟ ಬಳೆ, ಉಂಗುರ ತೆಗೆದಿಟ್ಟು, ಕನ್ನಡಕ ಹಾಕಿಕೊಂಡು ಕೂರಿ. ಬಿಗಿಯಲ್ಲಿರುವ ಕೊಕ್ಕೆ ಜಾರಿದರೆ ನೇರ ಮುಖಕ್ಕೇ ಬರುತ್ತದೆ. ತಲೆಯ ಕೊಕ್ಕೆಯನ್ನು ಫೋರ್ಸೆಪ್ಸ್‌ನಿಂದ ಹಿಡಿದು ಬೀಗ ಹಾಕಿ, 1 ಸೆಂ.ಮೀ. ಮೇಲೆತ್ತಿ, ಕೊಕ್ಕೆಯನ್ನು ಕಾಲುಭಾಗ ಸುತ್ತು (90 ಡಿಗ್ರಿ) ತಿರುಗಿಸಿ, ತೂತಿನಿಂದ ನಿಧಾನ ಕೆಳಗೆ ಬಿಡಿ. ಹಳೆಯ ಎಲಾಸ್ಟಿಕ್‌ನ್ನು ಬಿಗಿಯಲ್ಲೇ ಕತ್ತರಿಸುವ ಆಸೆಯಾಗುತ್ತದೆ, ಮಾಡಬೇಡಿ. ಪಾದ ಹಾರಿ ಗೋಡೆಗೆ ಬಿದ್ದರೆ ಬೆರಳು ಮುರಿಯುತ್ತದೆ.

ಹಾಕುವಾಗ ಮೊದಲು ಕಾಲು, ಆಮೇಲೆ ತಲೆ, ಕೊನೆಗೆ ಕೈ. ಉದ್ದನೆಯ ಬಳೆಯ ಮಡಿಕೆಯನ್ನು ಕುತ್ತಿಗೆಯ ಮೇಲೆ ನಿಟ್ಟಿಂಗ್ ಸೂಜಿಗೆ ಸಿಕ್ಕಿಸಿ. ಗಂಟು ಎದೆಯ ಪೊಳ್ಳಿನಲ್ಲಿ ನಿಲ್ಲಬೇಕು. ತಲೆ ಹಾಕುವಾಗ ಎಲಾಸ್ಟಿಕ್ ನಾಲ್ಕೈದು ಸೆಂ.ಮೀ. ಮೇಲೆ ಬರುತ್ತದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಗಂಟನ್ನು ಸೂಜಿಯಿಂದ 7–8 ಸೆಂ.ಮೀ. ಕೆಳಗಿಡಿ. ಗಂಟು ಕುತ್ತಿಗೆಯ ತೂತಿಗೋ ಸೊಂಟದ ಕೀಲಿಗೋ ಬಂದರೆ ಗೊಂಬೆ ಒಂದು ಕಡೆಗೆ ವಾಲುತ್ತಲೇ ಇರುತ್ತದೆ. ಬಳೆಯ ಒಂದು ತುದಿಯೊಳಗೆ ರಿಬ್ಬನ್ ತೂರಿಸಿ, ಉದ್ದ ಕೊಕ್ಕೆಯಿಂದ ರಿಬ್ಬನ್ನನ್ನು ತೊಡೆ, ಮೊಣಕಾಲು, ಮೀನಖಂಡದ ಮೂಲಕ ಎಳೆದುಕೊಳ್ಳಿ. ಎರಡು ಕಡೆ ಮಡಚುವ ಕೀಲಿರುವ ಮೊಣಕಾಲಾದರೆ ಕಾಲನ್ನು ನೆಟ್ಟಗೆ ಹಿಡಿದೇ ಎಳೆಯಬೇಕು. ಪಾದದ ಕೊಕ್ಕೆಯನ್ನು ಫೋರ್ಸೆಪ್ಸ್‌ನಲ್ಲಿ ಬೀಗ ಹಾಕಿ ಸಿದ್ಧ ಇಟ್ಟಿರಿ. ಬಳೆಯ ತುದಿ ಹಿಮ್ಮಡಿಯ ತೂತಿನಿಂದ 2 ಸೆಂ.ಮೀ. ಹೊರಗೆ ಬಂದ ಕೂಡಲೇ ಕೊಕ್ಕೆ ಸಿಕ್ಕಿಸಿ, ಪಾದ ಕೂರಿಸಿ, ಆಮೇಲೆ ಬೀಗ ಬಿಡಿ, ಕೊನೆಗೆ ರಿಬ್ಬನ್ ತೆಗೆಯಿರಿ. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಈಗಲೇ ಬಿಡಿಸಿ. ಸುತ್ತು ಉಳಿದರೆ ಪಾದ ತಾನಾಗಿ ಒಳಮುಖವಾಗಿ ತಿರುಗುತ್ತದೆ, ಜನ ಅದನ್ನು ಎಲಾಸ್ಟಿಕ್‌ನ ದೋಷ ಎಂದುಕೊಳ್ಳುತ್ತಾರೆ.

ತಲೆ ಕೂರಿಸುವ ಹೊತ್ತು ಅತಿ ಬಿಗಿಯದು. ಮಡಿಕೆಗೆ ರಿಬ್ಬನ್ ಹಾಕಿ, ತಲೆಯ ತೂತಿನಿಂದ ಮೇಲೆ ತಂದು, ಲಟ್ಟಣಿಗೆಗೆ ಸುತ್ತಿ ಎಳೆದು, ತಲೆಯೊಳಗೆ ಮಡಿಕೆ ಕಂಡಾಗ ಕೊಕ್ಕೆ ಸಿಕ್ಕಿಸಬೇಕು. ಮೇಲೆತ್ತಿದಾಗ ಬಿಗಿ ತಪ್ಪಿದ ಸೂಜಿಯನ್ನು ಪಕ್ಕಕ್ಕೆ ಎಳೆದು ತೆಗೆಯಿರಿ. ಉಳಿದದ್ದೆಲ್ಲ ಒಬ್ಬರೇ ಮಾಡಬಹುದು, ಈ ಒಂದು ಹೆಜ್ಜೆಗೆ ಮಾತ್ರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ: ಒಬ್ಬರು ಎಳೆದು ಹಿಡಿಯುವುದು, ಒಬ್ಬರು ಕೊಕ್ಕೆ ಹಾಕುವುದು. ಕೈಯ ಬಳೆಯನ್ನು ಎದೆಯೊಳಗಿನ ನಾಲ್ಕು ಎಳೆಗಳ ನಡುವೆ ತೂರಿಸದೆ, ಹಳೆಯದು ಹೋಗಿದ್ದ ಕಡೆಯೇ, ಪೂರ್ತಿ ಮುಂದಿನಿಂದ ಅಥವಾ ಪೂರ್ತಿ ಹಿಂದಿನಿಂದ ಹಾಯಿಸಿ.

ಹೊಸದಾಗಿ ಹಾಕಿದ ಮೇಲೆ ಕಾಲು ಮಡಚಿದರೆ ಒದ್ದು ನೆಟ್ಟಗಾಗುತ್ತದೆ. ಎರಡು ದಿನ ಕೂರಿಸಿ ನೋಡಿ, ಎಲಾಸ್ಟಿಕ್ ತುಸು ಹದಕ್ಕೆ ಬರುತ್ತದೆ. ಆಗಲೂ ಒದ್ದರೆ ಗಂಟು ಬಿಚ್ಚಿ, ತುಸು ಸಡಿಲಿಸಿ ಮತ್ತೆ ಹಾಕಿ. ಬಿಗಿ ಸರಿಯಿದ್ದೂ ಮೊಣಕಾಲು ಜಾರಿದರೆ ಕೀಲಿನ ಬಟ್ಟಲೊಳಗೆ 1 ಮಿ.ಮೀ. ದಪ್ಪದ ಸ್ವೇಡ್ (ಮೆತ್ತಗಿನ, ಜುಂಗು ಮೈಯ) ಚರ್ಮದ ತುಂಡು ಅಂಟಿಸುವುದು ಪರಿಹಾರ, ಇನ್ನಷ್ಟು ಬಿಗಿ ಮಾಡುವುದಲ್ಲ. ಎಣ್ಣೆ ಹಚ್ಚಿ ಕೀಲು ಸಲೀಸು ಮಾಡಬೇಡಿ, ಕೊಬ್ಬರಿ ಎಣ್ಣೆಯ ಕೈ ಕೂಡ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ನಿಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ರಬ್ಬರ್ ಬೇಗ ಮುಪ್ಪಾಗುತ್ತದೆ. ತಗಡಿನ ಚಾವಣಿಯ ಕೋಣೆ, ಅಟ್ಟ, ನಿಲ್ಲಿಸಿದ ಕಾರು ಇಲ್ಲೆಲ್ಲ ಗೊಂಬೆಯನ್ನು ಇಡಬೇಡಿ. ಬಿಸಿಲು ನೇರ ಬಿದ್ದರೆ ರೆಸಿನ್ ಹಳದಿಯಾಗುವುದು ಬೇರೆ. ಬೆಳಗಾವಿ, ಖಾನಾಪುರ ಕಡೆ ಮಳೆಗಾಲದ ತೇವದಲ್ಲಿ ತೊಂದರೆ ಕೊಕ್ಕೆಗೆ ಮತ್ತು ಸ್ವೇಡ್‌ಗೆ, ಅಲ್ಲಿಯವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಮಿಕ್ಕ ಎಲಾಸ್ಟಿಕ್‌ನ್ನು ಬಿಗಿ ಸುತ್ತದೆ, ಸಡಿಲ ಉಂಡೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲೆಯಲ್ಲಿಡಿ, ಡಬ್ಬಿಯ ಮೇಲೆ ದಪ್ಪ ಮತ್ತು ಕೊಂಡ ತಿಂಗಳು ಬರೆಯಿರಿ. ಮುಂದಿನ ಸಲ ಬಳಸುವ ಮುಂಚೆ 10 ಸೆಂ.ಮೀ. ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.